ಗಾಜು ಕೂರಿಸುವವನ ಎರಡನೆಯ ಸುತ್ತು

ಯಾರೂ ಅವನನ್ನು ಯುದ್ಧಕ್ಕೆ ಕರೆದಿರಲಿಲ್ಲ. ಕಿಟಕಿಗೆ ಗಾಜು ಕೂರಿಸುವವರಿಗೆ ಊರಲ್ಲೇ ಕೈತುಂಬ ಕೆಲಸವಿದೆಯೆಂದು ಸರ್ಕಾರವೇ ಅವರನ್ನು ಸೈನ್ಯಕ್ಕೆ ಎಳೆಯದೆ ಬಿಟ್ಟಿತ್ತು. ಆದರೂ ತಾನಾಗಿಯೇ ಹೋಗಿ ವಾಯುಪಡೆಗೆ ಹೆಸರು ಬರೆಸಿ ಬಂದ. ಅಕ್ಕನಿಗೆ ಅದನ್ನು ಹೇಳಿದ್ದು ಕೈ ತೊಳೆಯುವಾಗ, ಅವಳ ಮುಖ ನೋಡುವ ಧೈರ್ಯವಿಲ್ಲದೆ ಬೆನ್ನು ಹಾಕಿಕೊಂಡು.

ಅಕ್ಕ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಹಾಕುವವಳು. ತಾಯಿ ಸತ್ತಾಗ ಅವನಿನ್ನೂ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬಾರದವನು. ಮದುವೆಯ ಮಾತು ಬಂದಾಗಲೆಲ್ಲ "ಇವನೊಂದು ದಡ ಸೇರಲಿ" ಎನ್ನುತ್ತಾ ಬಂದಳು. ಕೊನೆಗೆ ಅವಳ ಮದುವೆಯ ಮಾತೆತ್ತುವವರೇ ಇಲ್ಲದಾದರು.

ಗಾಜಿನಂಗಡಿಯಲ್ಲಿ ತಮ್ಮನಿಗೆ 'ಇನ್ನೊಂದ್ಸಲ' ಎಂದು ಅಡ್ಡಹೆಸರು. ಅಳತೆ ತೆಗೆದು, ಗುರುತು ಹಾಕಿ, ಇನ್ನೇನು ಗಾಜು ಕೊಯ್ಯಬೇಕು ಎನ್ನುವಾಗ "ತಡೀರಿ, ಇನ್ನೊಂದ್ಸಲ ನೋಡ್ತೀನಿ" ಎಂದು ಮತ್ತೆ ಏಣಿ ಹತ್ತುವವನು. ಮಾಲೀಕ ತಲೆ ಚಚ್ಚಿಕೊಳ್ಳುತ್ತಿದ್ದ.

"ನೀನು ಅಳೆದು ಮುಗಿಸೋದ್ರೊಳಗೆ ಆ ಮನೇಲಿ ಮೊಮ್ಮಕ್ಕಳು ಹುಟ್ತವೆ ಕಣಯ್ಯಾ!"

ಬಾಂಬು ಬೀಳತೊಡಗಿದ ಮೇಲೆ ಅದೇ ಮಾಲೀಕನಿಗೆ ಸುಗ್ಗಿ. ಒಂದೇ ಕಿಟಕಿಗೆ ಮತ್ತೆ ಮತ್ತೆ ಹೊಸ ಗಾಜು. ಪಕ್ಕದ ಬೀದಿಯ ಒಂದು ಮನೆಗೆ ಮೂರನೆಯ ಸಲ ಹೋದಾಗ ಮುಂದಿನ ಗೋಡೆ ನಿಂತಿತ್ತು, ಅದರ ಹಿಂದೆ ಮನೆಯಿರಲಿಲ್ಲ. ಪ್ರತಿಸಲವೂ ಅವನ ಏಣಿ ಹಿಡಿದು ನಿಲ್ಲುತ್ತಿದ್ದ ಮನೆಯಾಕೆಯೂ ಇರಲಿಲ್ಲ. ಅವನು ಹೆಸರು ಬರೆಸಿದ್ದು ಅವತ್ತೇ.

"ಕಾರ್ಖಾನೆ ಮೇಲೆ ಮಾತ್ರ ಹಾಕೋದು ಅಕ್ಕಾ. ಅವರ ಕಾರ್ಖಾನೆ ನಿಂತ್ರೆ ಇಲ್ಲಿ ಬೀಳೋದೂ ನಿಲ್ಲುತ್ತೆ."

"ಬಾಂಬೇನು ಮನೆ ನಂಬರ್ ಕೇಳ್ಕೊಂಡು ಬೀಳುತ್ತೇನೋ?" ಎಂದಳು ಅಕ್ಕ. ಆದರೂ ಹೋದ.

ವಿಮಾನ ಹಾರಿಸುವುದನ್ನು ಚೆನ್ನಾಗಿಯೇ ಕಲಿತ. ಏಳು ಜನ ಕೂರುವ ಬಾಂಬರ್ ವಿಮಾನ ಅವನ ಕೈಗೆ ಬಂತು. ರಜೆಗೆ ಬಂದರೆ ಓಣಿಗೆ ಓಣಿಯೇ ಅವನನ್ನು ಹೊತ್ತು ಮೆರೆಸುತ್ತಿತ್ತು. ಹಿಂದೆ ಸಂಬಳ ಹೆಚ್ಚು ಮಾಡೆಂದರೆ ಕಿವಿ ಕೇಳಿಸದವನಂತೆ ಇರುತ್ತಿದ್ದ ಮಾಲೀಕ, ಈಗ 'ನಮ್ಮ ಹುಡುಗ' ಎಂದು ಅವನ ಫೋಟೋ ತೂಗುಹಾಕಿ ವ್ಯಾಪಾರ ಕುದುರಿಸಿಕೊಂಡ.

ಕೊನೆಯ ರಜೆಯಲ್ಲಿ ಅವನಿಗೆ ತುತ್ತು ಇಳಿಯಲಿಲ್ಲ. ಅಕ್ಕ ಬೆನ್ನು ಹತ್ತಿ ಕೇಳಿದ ಮೇಲೆ ಬಾಯಿಬಿಟ್ಟ. ಮೋಡ ಕವಿದಿದ್ದ ದಿನ ಅಂದಾಜಿನ ಮೇಲೆ ಬಾಂಬು ಹಾಕಿಸಿದ್ದ. ಮರುದಿನ ಮೇಲಿನಿಂದ ತೆಗೆದ ಫೋಟೋದಲ್ಲಿ ಕಾರ್ಖಾನೆ ಹಾಗೇ ಇತ್ತು. "ಬಿದ್ದಿದ್ದು ಮನೆಗಳು ಅಕ್ಕಾ. ಒಂದು ಬೀದಿ ಪೂರ್ತಿ."

ಅಕ್ಕ ಅವನ ಕೈ ಎಳೆದು ತನ್ನ ತಲೆಯ ಮೇಲಿಟ್ಟುಕೊಂಡಳು. "ಇನ್ಮೇಲೆ ಕಣ್ಣಿಗೆ ಕಾಣದೆ ಹಾಕಲ್ಲ ಅಂತ ಹೇಳು. ನನ್ನಾಣೆ."

"ಹಾಕಲ್ಲ" ಎಂದ. ಆಮೇಲೆ ಒಂದಿಷ್ಟು ಉಂಡ.

ಅವನು ಸತ್ತದ್ದು ಅದೇ ತಿಂಗಳು. ವಾಯುಪಡೆಯವರು ತಿಳಿಸುವಾಗ ವೀರ ಎಂದರು, ಶೂರ ಎಂದರು, ಹೇಗೆ ಸತ್ತನೆಂದು ಮಾತ್ರ ಹೇಳಲಿಲ್ಲ. ಅದನ್ನು ಹೇಳಿದವಳು ಅದೇ ವಿಮಾನದ ಬಾಲದಲ್ಲಿ ಬಂದೂಕು ಹಿಡಿದು ಕೂರುತ್ತಿದ್ದ, ಅವನ ಜೊತೆಯಲ್ಲೇ ಸತ್ತವನ ತಾಯಿ. ಒಂದು ಮಧ್ಯಾಹ್ನ ಲಾಂಡ್ರಿಯನ್ನು ಹುಡುಕಿಕೊಂಡು ಬಂದಳು. ಕೂರಿ ಎಂದರೆ ಕೂರಲಿಲ್ಲ. ಒದ್ದೆ ಬಟ್ಟೆಯ ಬುಟ್ಟಿಗಳ ಆಚೆ ನಿಂತೇ ಮಾತಾಡಿದಳು.

"ಜೊತೆಗೆ ಹೋಗಿದ್ದ ವಿಮಾನದವನೊಬ್ಬ ನಮ್ಮನೆಗೆ ಬಂದಿದ್ದ. ಅವತ್ತು ಮೋಡ ಇತ್ತಂತೆ. ಉಳಿದವರೆಲ್ಲ ಅಂದಾಜಲ್ಲಿ ಹಾಕಿ ವಾಪಸ್ ತಿರುಗಿದ್ರಂತೆ. ನಿಮ್ಮ ತಮ್ಮ ಮಾತ್ರ ಕಾಣ್ತಿಲ್ಲ ಅಂತ ಇನ್ನೊಂದು ಸುತ್ತು ಹೊಡೆದ್ನಂತೆ. ಒಂಟಿ ವಿಮಾನ ಸಿಕ್ಕಿದ್ರೆ ಕೆಳಗಿನವರು ಬಿಡ್ತಾರಾ? ಯಾಕೆ ಹಾಗೆ ಮಾಡ್ದ? ಅದೊಂದು ಕೇಳೋಣ ಅಂತ ಬಂದೆ."

ಗೊತ್ತಿಲ್ಲ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅಕ್ಕನಿಗೆ ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. "ನಾನೇ ಆಣೆ ಹಾಕಿಸಿದ್ದೆ" ಎಂದಳು. ಆ ಬೀದಿಯ ಮನೆಗಳ ಕತೆಯನ್ನೆಲ್ಲ ಹೇಳಿದಳು. ಆ ತಾಯಿ ದುರುಗುಟ್ಟಿ ನೋಡುತ್ತಲೇ ಇದ್ದಳು. ಕೊನೆಗೆ ಅಕ್ಕ, ತನಗೆ ಉಳಿದಿದ್ದ ಒಂದೇ ಒಂದು ಸಮಾಧಾನವನ್ನು ಹಿಡಿದುಕೊಂಡು ಕೇಳಿದಳು:

"ಅವನ ಬಾಂಬು ಯಾರ ಮನೆ ಮೇಲೂ ಬೀಳ್ಲಿಲ್ಲ ಅಲ್ವಾ?"

"ಅಯ್ಯೋ, ಅದನ್ನೂ ನಿಮಗೆ ಹೇಳಿಲ್ವಾ?" ಎಂದಳು ಆ ತಾಯಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಬಾಂಬೆಲ್ಲ ವಿಮಾನದಲ್ಲೇ ಇತ್ತು. ವಿಮಾನ ಬಿದ್ದಿದ್ದು ಮನೆಗಳ ಮೇಲೇ."

ಅಕ್ಕ ಇಸ್ತ್ರಿ ಮೇಜನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಹಾಕಿ ಬಂದ್ಬಿಡ್ಬೇಕಿತ್ತು," ಎಂದಳು. "ಯಾರ ಮನೆ ಮೇಲಾದ್ರೂ ಸರಿ, ಹಾಳಾದವನು, ಹಾಕಿ ಬಂದ್ಬಿಡ್ಬೇಕಿತ್ತು."

ಆ ತಾಯಿ ಬುಟ್ಟಿಗಳನ್ನು ಸರಿಸಿಕೊಂಡು ಬಂದು ಅವಳ ಕೈ ಹಿಡಿದಳು. "ಹೌದಮ್ಮಾ. ದಿನಾ ನಾನೂ ಅದನ್ನೇ ಅಂದ್ಕೋತೀನಿ."

ಕಂಡವರ ಮಕ್ಕಳ ಸಾವನ್ನು ಬಯಸಿದ್ದಕ್ಕೆ ಇಬ್ಬರಿಗೂ ನಾಚಿಕೆಯಾಗಬೇಕಿತ್ತು. ಆಗಲಿಲ್ಲ.