ಗಾಳಿ ಸೇರಿದ ಸ್ಟೇರಿಂಗ್

ಕೆಂಚಪ್ಪ ಮೇಸ್ತ್ರಿ ಯಾವ ಗಾಡಿ ಮುಟ್ಟಿದರೂ ಮೊದಲು ಒಂದು ಹನಿ ಎಣ್ಣೆಯನ್ನು ಹೆಬ್ಬೆರಳಿಗೆ ಹಚ್ಚಿಕೊಂಡು, ಕಣ್ಣು ಮುಚ್ಚಿ ಮೂಸುತ್ತಿದ್ದ. ರೋಗ ಏನೆಂದು ಹೇಳುತ್ತಿದ್ದುದು ಆಮೇಲೆಯೇ. ಹಿರಿಯೂರಿನ ಹೆದ್ದಾರಿ ಬದಿಯ ಅವನ ಶೆಡ್ಡಿನ ಮುಂದೆ ಲಾರಿಗಳು ಸಾಲುಗಟ್ಟಿ ನಿಂತಿರುತ್ತಿದ್ದವು. ಅವನು ರಿಪೇರಿ ಮಾಡಿದ ದೋಣಿ ಮಾತ್ರ ನನ್ನದೊಂದೇ.

ಎಪ್ಪತ್ತರ ದಶಕದಲ್ಲಿ ನಾನು ಮಾರಿಕಣಿವೆ ಜಲಾಶಯದಲ್ಲಿ ಮೋಟಾರ್ ಲಾಂಚ್ ಓಡಿಸುತ್ತಿದ್ದೆ. ಹಿನ್ನೀರಿನ ಅಳತೆಗೆ ಬರುವ ಸಾಹೇಬರನ್ನು ಕರೆದೊಯ್ಯುವುದು ನನ್ನ ಕೆಲಸ. ಆ ಸೀಮೆಯಲ್ಲಿ ಪವರ್ ಸ್ಟೇರಿಂಗ್ ಹಿಡಿದವನು ನಾನೊಬ್ಬನೇ ಎಂಬ ಜಂಬ ನನಗಿತ್ತು, ಸುಳ್ಳೇಕೆ ಹೇಳಲಿ. ಇಂಜಿನ್ ತಿರುಗಿದಾಗ ಒಂದು ಪಂಪು ಎಣ್ಣೆಯನ್ನು ಒತ್ತುತ್ತದೆ, ಆ ಎಣ್ಣೆಯೇ ಚುಕ್ಕಾಣಿಯನ್ನು ತಿರುಗಿಸುತ್ತದೆ. ಎರಡು ಬೆರಳಲ್ಲಿ ಚಕ್ರ ಆಡಿಸಿದರೆ ಸಾಕು. ಒಂದು ದಿನ ಆ ಚಕ್ರ ಬೀಸುವ ಕಲ್ಲಿನಷ್ಟು ಭಾರವಾಯಿತು. ತಿರುಗಿಸಿದರೆ ಕಿರ್ರೆನ್ನುವ ಸದ್ದು ಬೇರೆ.

ಹಿರಿಯೂರಿಗೆ ಹೋಗಿ ಕೆಂಚಪ್ಪನನ್ನು ಕರೆತಂದೆ. ಅವನು ಎಣ್ಣೆ ಡಬ್ಬಿಯ ಮುಚ್ಚಳ ತೆಗೆದ. ಒಳಗೆ ಮಜ್ಜಿಗೆ ಕಡೆದಂತೆ ನೊರೆ. "ಗಾಳಿ ಸೇರೈತೆ ಕಣಪ್ಪ, ಬಿಡಿಸ್ಬೇಕು" ಎಂದ.

ದಡದಲ್ಲಿ ನಿಂತಿದ್ದವರ ಕಿವಿಗೆ ಬಿದ್ದದ್ದು ಅಷ್ಟೇ. ಅವನು ಸ್ಪ್ಯಾನರ್ ಹುಡುಕುವುದರೊಳಗೆ ತೂಬಿನ ಕಾವಲುಗಾರ ರುದ್ರಣ್ಣ ನಿಂಬೆಹಣ್ಣು, ಬೇವಿನಸೊಪ್ಪು ಹಿಡಿದು ಓಡಿಬಂದ. ಅವನ ಪ್ರಕಾರ ಲಾಂಚಿಗೆ ದೆವ್ವದ ಗಾಳಿ ಸೋಕಿತ್ತು. ಕೆಂಚಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಬೇಡವೆಂದರೂ ಕೇಳದೆ ನಿಂಬೆಹಣ್ಣನ್ನು ತಾನೇ ಲಾಂಚಿನ ಮೂತಿಗೆ ಕಟ್ಟಿದ. "ಇರ್ಲಿ ಬಿಡ್ರಿ, ಎರಡೂ ಗಾಳಿ ಹೋಗ್ಲಿ."

ಆಮೇಲೆ ಕೆಲಸ ಶುರುವಾಯಿತು. ಮುಚ್ಚಳ ತೆರೆದಿಟ್ಟು, ಇಂಜಿನ್ ನಿಧಾನಕ್ಕೆ ಓಡಿಸಿ, ಚಕ್ರವನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸುತ್ತಾ ಇರಲು ನನಗೆ ಹೇಳಿದ. ಗುಳ್ಳೆ ಬಂದಂತೆಲ್ಲ ಎಣ್ಣೆ ತುಂಬಿದ. ಅವಸರಪಟ್ಟರೆ ಬೈದ. ಮೊದಲು ಬೆಲ್ಟು ನೋಡಬೇಕು, ಆಮೇಲೆ ಎಣ್ಣೆ, ಆಮೇಲೆ ಪೈಪಿನ ಗಂಟುಗಳು, ಪಂಪಿಗೆ ಕೈ ಹಾಕುವುದು ಕಟ್ಟಕಡೆಗೆ ಎಂದು ಕಲಿಸಿದವನು ಅವನೇ. ಸಂಜೆ ಹೊತ್ತಿಗೆ ಚಕ್ರ ಹೂವಿನಂತೆ ತಿರುಗಿತು. ಅವತ್ತಿನಿಂದ ಅವನನ್ನು ಗುರು ಎಂದೇ ತಿಳಿದೆ. ನನ್ನ ಬುದ್ಧಿಗಿಷ್ಟು!

ಕೆಲವು ತಿಂಗಳ ಮೇಲೆ ಎಣ್ಣೆ ಮತ್ತೆ ತಗ್ಗಿತು. ಸರಿಯಾದ ಎಣ್ಣೆ ಬೆಂಗಳೂರಿನಿಂದ ಬರಬೇಕು, ಸಾಹೇಬರು ಮರುದಿನವೇ ಹೊರಡಬೇಕು. ಕರೆಸಿದ ಕೆಂಚಪ್ಪನಿಗೆ ಬಿ.ದುರ್ಗದಲ್ಲಿ ತಂಗಿಯ ಮಗಳ ನಿಶ್ಚಿತಾರ್ಥ, ಕಾಲು ನಿಲ್ಲುತ್ತಿರಲಿಲ್ಲ. ಚೀಲದಿಂದ ಲಾರಿಯ ಬ್ರೇಕ್ ಆಯಿಲ್ ತೆಗೆದು ಸುರಿದ. ಇದು ಆಗುತ್ತದೆಯೇ ಎಂದು ಕೇಳಿದೆ. ಎಣ್ಣೆ ಎಣ್ಣೆಯೇ ಎಂದುಬಿಟ್ಟ. ಅವತ್ತು ಅವನು ಮೂಸಲಿಲ್ಲ.

ಆ ಬ್ರೇಕ್ ಆಯಿಲ್, ಎಣ್ಣೆ ಸೋರದಂತೆ ಪಂಪಿನೊಳಗೆ ಹಾಕಿದ್ದ ರಬ್ಬರ್ ಸೀಲನ್ನು ಉಬ್ಬಿಸಿ ಮೆತ್ತಗೆ ಮಾಡಿತು. ಹತ್ತೇ ದಿನಕ್ಕೆ ಎಣ್ಣೆ ಸೋರಿ, ಗಾಳಿ ನುಗ್ಗಿ, ಬಂಡೆಯ ಹತ್ತಿರ ತಿರುಗುವಾಗ ಚಕ್ರ ಕೈಗೆ ಬಗ್ಗಲಿಲ್ಲ. ಲಾಂಚಿನ ಮೂತಿ ಸೀಳಿತು. ಸರ್ವೆಯವರೊಬ್ಬರ ಕೈ ಮುರಿಯಿತು.

ವಿಚಾರಣೆಗೆ ದಿನ ನಿಗದಿಯಾಯಿತು. ಹಿಂದಿನ ದಿನ ಕೆಂಚಪ್ಪ ಮನೆಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡ. "ಎಣ್ಣೆ ವಿಷಯ ಎತ್ತಬ್ಯಾಡ. ಸೀಲು ಹಳೇದಾಗಿತ್ತು ಅಂತ ನೀನೂ ಹೇಳು, ನಾನೂ ಹೇಳ್ತೀನಿ. ಇಬ್ರೂ ಉಳ್ಕಳಾಣ." ನಾನು ಒಪ್ಪಿದೆ. ಕೆಲಸ ಕಲಿಸಿದವನನ್ನು ಸಿಕ್ಕಿಸಲು ಮನಸ್ಸು ಬರಲಿಲ್ಲ.

ಮೊದಲು ನನ್ನನ್ನು ಕರೆದರು. ಸೀಲು ಹಳೆಯದಾಗಿತ್ತು ಎಂದು ಹೇಳಿ ಬಂದು ಜಗುಲಿಯ ಬೆಂಚಿನ ಮೇಲೆ ಕುಳಿತೆ. ಆಮೇಲೆ ಅವನು ಒಳಗೆ ಹೋದ. ಬಾಗಿಲು ತೆರೆದೇ ಇತ್ತು.

"ಗಾಳಿ ಸೇರೈತೆ, ಬಿಡಿಸ್ಬೇಕು ಅಂತ ಆವತ್ತೇ ಹೇಳಿದ್ದೆ ಸಾಮಿ. ಇವ್ನು ನಿಂಬೆಹಣ್ಣು ಕಟ್ಕಂಡು ಓಡಿಸ್ದ."

ಒಳಗೆಲ್ಲ ನಕ್ಕರು. ಲಾಂಚಿನ ಮೂತಿಯಲ್ಲಿ ನಿಂಬೆಹಣ್ಣು ನೋಡಿದ್ದೆ ಎಂದು ಸಾಹೇಬರೊಬ್ಬರು ಸಾಕ್ಷಿಯನ್ನೂ ಹೇಳಿದರು. ನಾನು ಒಳನುಗ್ಗಿ ಬ್ರೇಕ್ ಆಯಿಲ್ ಕತೆ ಹೇಳಿದೆ. ಈಗತಾನೇ ಸೀಲು ಹಳೆಯದು ಎಂದಿರಲ್ಲ ಎಂದು ಕೇಳಿದರು. ಕೆಂಚಪ್ಪ ನೆಲ ನೋಡುತ್ತಾ ನಿಂತಿದ್ದ.

ಲಾಂಚಿನಿಂದ ಇಳಿಸಿ ನನ್ನನ್ನು ಮತ್ತೋಡಿನ ಕಡೆ ಒಂದು ಗೋದಾಮಿನ ಕಾವಲಿಗೆ ಹಾಕಿದರು. ಮತ್ತೆಂದೂ ಚುಕ್ಕಾಣಿ ಮುಟ್ಟುವ ಭಾಗ್ಯ ಬರಲಿಲ್ಲ. ನನಗಿಂತ ಮೊದಲೇ ನನ್ನ ಹೆಸರು ಅಲ್ಲಿಗೆ ತಲುಪಿತ್ತು: ನಿಂಬೆಹಣ್ಣು ಡ್ರೈವರ್.

ವರ್ಷದ ಮೇಲೆ ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಕೆಂಚಪ್ಪ ಸಿಕ್ಕಿದ. ಏನೂ ಆಗದವನಂತೆ ಮನೆಮಂದಿಯ ಕ್ಷೇಮ ಕೇಳಿದ. ಹೀಗೇಕೆ ಮಾಡಿದೆ ಎಂದು ನೇರವಾಗಿ ಕೇಳಿಯೇಬಿಟ್ಟೆ. ಅವನು ನನ್ನ ಭುಜದ ಮೇಲೆ ಕೈಯಿಟ್ಟ.

"ನಿನ್ ಜಾಗದಾಗೆ ಬ್ಯಾರೆಯೋನು ಇದ್ದಿದ್ರೆ ನಂಗೆ ಧೈರ್ಯ ಬರ್ತಿರ್ಲಿಲ್ಲ ಕಣಪ್ಪ. ನೀನು ಕೊಟ್ಟ ಮಾತಿಗೆ ತಪ್ಪೋನಲ್ಲ ಅಂತ ಗೊತ್ತಿತ್ತು."

ಹೊಗಳಿಕೆ ಎಂದುಕೊಂಡೇ ಹೇಳಿದ. ಬಸ್ಸು ಹತ್ತಿ ಕಿಟಕಿಯಿಂದ ಕೈ ಬೀಸಿದ. ನಾನು ಕೈ ಎತ್ತಲಿಲ್ಲ.