ಅಪ್ಪನ ಶುಗರ್ ಮಷೀನು

ಅಪ್ಪ ತೀರಿಕೊಂಡಾಗ ಕಣ್ಣು ದಾನ ಕೊಟ್ಟೆವು. ಅದು ಅವರದೇ ಆಸೆ. ನೇತ್ರ ಬ್ಯಾಂಕಿನವರು ಯಲಹಂಕದ ನಮ್ಮ ಮನೆಗೇ ಬಂದು ಕಣ್ಣು ತೆಗೆದುಕೊಂಡರು, ಜೊತೆಗೆ ಪರೀಕ್ಷೆಗೆಂದು ಒಂದಿಷ್ಟು ರಕ್ತವನ್ನೂ. ಆ ರಕ್ತದ ಬಗ್ಗೆ ಆಮೇಲೆ ಯಾರೂ ಯೋಚಿಸಲಿಲ್ಲ. ಅಮ್ಮ ಬಂದವರಿಗೆಲ್ಲ, "ಇಷ್ಟೊತ್ತಿಗೆ ಯಾರೋ ಇಬ್ರು ಅವರ ಕಣ್ಣಲ್ಲಿ ನೋಡ್ತಿರ್ತಾರೆ" ಅನ್ನುತ್ತಿದ್ದಳು.

ವೈಕುಂಠ ಸಮಾರಾಧನೆ ಮುಗಿದ ಮೇಲೆ ನೇತ್ರ ಬ್ಯಾಂಕಿನಿಂದ ಫೋನ್ ಬಂತು. "ಮೇಡಮ್, ತಂದೆಯವರ ಕಣ್ಣು ಬಳಸೋಕಾಗ್ಲಿಲ್ಲ. ರಕ್ತದಲ್ಲಿ ಹೆಪಟೈಟಿಸ್ ಸಿ ಬಂದಿದೆ. ಕಣ್ಣಿನ ಕಸಿಯಿಂದ ಹರಡೋದು ಅಪರೂಪ, ಆದ್ರೂ ನಾವು ಕೊಡಲ್ಲ." ಫೋನ್ ಮಾಡಿದ್ದ ಆಕೆಯೇ ಮುಂದುವರಿಸಿದರು: "ಇದು ರಕ್ತದಿಂದ ಹರಡುತ್ತೆ, ಮನೆಯವರೂ ಟೆಸ್ಟ್ ಮಾಡಿಸ್ಕೊಳ್ಳಿ. ಬ್ಲೇಡು, ಸೂಜಿ ಏನಾದ್ರೂ ಹಂಚ್ಕೊಂಡಿದ್ರಾ?"

ಸೂಜಿ ಅಂದೊಡನೆ ನನಗೆ ನೆನಪಾದದ್ದು ಪಾರ್ಕು.

ಅಪ್ಪನಿಗೆ ಸಕ್ಕರೆ ಕಾಯಿಲೆ. ನಿವೃತ್ತರಾದ ಮೇಲೆ ಶುಗರ್ ನೋಡುವ ಮಷೀನನ್ನು ವಾಕಿಂಗಿಗೂ ಒಯ್ಯುತ್ತಿದ್ದರು. ಕಲ್ಲುಬೆಂಚಿನ ಬಳಿ ಗೆಳೆಯರು ಸರದಿಯಲ್ಲಿ ಬೆರಳು ಚಾಚುತ್ತಿದ್ದರು. ಸೂಜಿಯ ಪೆನ್ನು ಟಿಕ್ಕೆನ್ನುತ್ತಿತ್ತು, ಒಂದು ಹನಿ ರಕ್ತ. "ಏನ್ರೀ, ರಾತ್ರಿ ಹೋಳಿಗೆ ಬಾರ್ಸಿದ್ರಾ?" ಎಂದು ಅಪ್ಪ ರೇಗಿಸುತ್ತಿದ್ದರು. ನಾನೂ ಒಮ್ಮೊಮ್ಮೆ ಬೆರಳು ಕೊಟ್ಟಿದ್ದೇನೆ. ಪ್ರತಿಯೊಬ್ಬರಿಗೂ ಸೂಜಿ ಬದಲಿಸುತ್ತಿದ್ದರೇ? ಹತ್ತಿಗೆ ಸ್ಪಿರಿಟ್ ಹಾಕಿ ತುದಿ ಒರೆಸುತ್ತಿದ್ದದ್ದು ನೆನಪಿದೆ, ಅದರ ವಾಸನೆಯೂ ಇದೆ. ಬದಲಿಸಿದ್ದು ನೆನಪಿನಲ್ಲಿ ಕಾಣುತ್ತಿಲ್ಲ. ಕಂಡಿದ್ದರೂ ನಾನು ನಂಬುತ್ತಿರಲಿಲ್ಲ. ಬೇಕಾದದ್ದನ್ನು ಕಟ್ಟಿಕೊಡುವುದು ನೆನಪಿಗೆ ಕಷ್ಟವಲ್ಲ.

ಅಮ್ಮನೂ ನಾನೂ ರಕ್ತ ಕೊಟ್ಟು ಬಂದೆವು. ಫಲಿತಾಂಶ ಇನ್ನೂ ಬಂದಿಲ್ಲ. ಈಗ ಮಾತ್ರೆಯಲ್ಲೇ ವಾಸಿಯಾಗುತ್ತದಂತೆ. ಆದರೆ ಗೊತ್ತಾಗಬೇಕಲ್ಲ, ವರ್ಷಗಟ್ಟಲೆ ಏನೂ ತೋರಿಸಿಕೊಳ್ಳದೆ ಲಿವರನ್ನು ತಿನ್ನುತ್ತಿರುತ್ತದೆ ಎಂದರು ಡಾಕ್ಟರು. ಪಾರ್ಕಿನವರಿಗೆ ಹೇಳುವುದು ಅಮ್ಮನಿಗೆ ಇಷ್ಟವಿರಲಿಲ್ಲ. "ಹೋದವರಿಗೆ ಯಾಕೆ ಕೆಟ್ಟ ಹೆಸ್ರು? ಅವರಲ್ಲೇ ಯಾರಿಂದಲೋ ಇವರಿಗೆ ಬಂದಿರ್ಬಹುದು." ಅದನ್ನೂ ನಾನು ಅಲ್ಲಗಳೆಯಲಾರೆ.

ಆದರೂ ಇವತ್ತು ಬೆಳಿಗ್ಗೆ ಹೇಳಲೆಂದೇ ಹೋದೆ. ಬೆಂಚಿನ ಸುತ್ತ ಗುಂಪು ಸೇರಿತ್ತು. ನಡುವೆ ಅಪ್ಪನ ಆಪ್ತ ಸ್ನೇಹಿತರೊಬ್ಬರು, ಅವರ ತೊಡೆಯ ಮೇಲೆ ಅಪ್ಪನ ಶುಗರ್ ಮಷೀನಿನ ಕಪ್ಪು ಜಿಪ್ಪಿನ ಚೀಲ.

"ಬಾಮ್ಮಾ. ವೈಕುಂಠದ ದಿನ ನಿಮ್ಮಮ್ಮನೇ ಕೊಟ್ರು, ನೆನಪಿಗಿರ್ಲಿ ಅಂತ. ಅವ್ನು ಮಾಡ್ತಿದ್ದ ಸೇವೆ ನಿಲ್ಬಾರ್ದು ನೋಡು."

ಅಮ್ಮ ಇದನ್ನು ನನಗೆ ಹೇಳಿರಲಿಲ್ಲ.

ಅವರು ಒಬ್ಬರ ಬೆರಳಿನಿಂದ ಪೆನ್ನು ತೆಗೆದು, ತುದಿಯನ್ನು ಹತ್ತಿಯಲ್ಲಿ ಅಪ್ಪನ ಹಾಗೆಯೇ ಒರೆಸಿದರು. ಮುಂದಿನ ಬೆರಳು ಆಗಲೇ ಚಾಚಿತ್ತು.

"ಅಂಕಲ್, ನಿಲ್ಸಿ!"

"ನಿಂಗೂ ನೋಡ್ತೀನಿ ಕಣಮ್ಮ, ಏನವಸರ?" ಎಂದು ನಗುತ್ತಲೇ ಆ ಬೆರಳಿಗೆ ಒತ್ತಿದರು. ಟಿಕ್.