ಕಬ್ಬಿಣದ ಪೆಟ್ಟಿಗೆಯ ಮೇಲೆ ಮೂರು ಬೆರಳು

ಕೆಟ್ಟುಹೋದ ಕಂಪ್ಯೂಟರ್ ನೋಡುವುದಕ್ಕೂ ಟಿಕೆಟು ತೆಗೆಯಬೇಕು ಎಂದಾಗ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಆ ದಿನ ನನಗೆ ಬಿದ್ದ ಪೆಟ್ಟುಗಳಲ್ಲಿ ಅದೇ ಅತಿ ಚಿಕ್ಕದು ಎಂದು ಆಗ ಗೊತ್ತಿರಲಿಲ್ಲ.

ಮಕ್ಕಳೇ, ನಿಮ್ಮಲ್ಲಿ ದೊಡ್ಡವಳು ಮಣಿಪಾಲದಲ್ಲಿ ಓದುತ್ತಿದ್ದಾಳಲ್ಲ, ನನ್ನನ್ನು ಹೊರಡಿಸಿದವಳು ಅವಳೇ. "ಅಜ್ಜಿ, ಒಂದು ದಿನ ಬನ್ನಿ. ನಿಮ್ಮ ಮಲ್ಲಿಗೆ ಗಿಡ ಎಲ್ಲಿಗೂ ಓಡಿಹೋಗುವುದಿಲ್ಲ" ಎಂದು ಹಟ ಹಿಡಿದಳು. ಬೆಳಿಗ್ಗೆ ಕೊಯ್ದ ಮೊಗ್ಗನ್ನು ಬಾಳೆನಾರಿನಲ್ಲಿ ಕಟ್ಟಿ ಹೂವು ಕೊಳ್ಳುವವರ ಕಟ್ಟೆಗೆ ಕೊಟ್ಟು, ಶಂಕರಪುರದಿಂದ ಬಸ್ಸು ಹತ್ತಿದೆ. ಉಡುಪಿಯಲ್ಲಿ ಇಳಿದ ಕೂಡಲೇ ಅವಳು ನನ್ನನ್ನು ಒಂದು ಐಸ್‌ಕ್ರೀಮ್ ಅಂಗಡಿಗೆ ಕರೆದುಕೊಂಡು ಹೋದಳು. ಅಲ್ಲಿ ಹಳೆಯ ಆಟದ ಕಂಪ್ಯೂಟರ್ ಒಂದನ್ನು ಪೀಠದ ಮೇಲೆ ಇಟ್ಟಿದ್ದರು. ಮೀಸೆ ಬಂದ ಹುಡುಗರು ಸಾಲಾಗಿ ನಿಂತು ಅದರೊಟ್ಟಿಗೆ ಫೋಟೋ ತೆಗೆಸಿಕೊಳ್ಳುತ್ತಿದ್ದರು.

"ಇದೆಂತ, ದೇವರಾ?" ಎಂದು ಕೇಳಿದೆ.

"ವಿಂಟೇಜ್ ಅಜ್ಜಿ. ನಿಮ್ಮ ಹಾಗೆಯೇ, ಹಳತಾದಷ್ಟೂ ಬೆಲೆ ಜಾಸ್ತಿ" ಎಂದು ನಕ್ಕಳು. "ಇದು ಎಂತದೂ ಅಲ್ಲ. ಮಣಿಪಾಲದ ಮ್ಯೂಸಿಯಂನಲ್ಲಿ ಒಂದು ಮನೆ ತುಂಬಾ ಉಂಟು."

ಮಣಿಪಾಲಕ್ಕೆ ಹೋಗಿ ಟಿಕೆಟು ತೆಗೆದು ಒಳಗೆ ನೋಡಿದರೆ, ಹೌದು, ಮನೆ ತುಂಬಾ ಇದ್ದವು. ಗುಜರಿಯವನು ತೂಕಕ್ಕೆ ಹಾಕುವಂಥ ಪೆಟ್ಟಿಗೆಗಳನ್ನು ಗಾಜಿನ ಕಪಾಟಿನಲ್ಲಿ, ದೀಪ ಹಾಕಿ ಇಟ್ಟಿದ್ದರು. ನೋಡಿಕೊಳ್ಳಲು ಕನ್ನಡಕದ ಹುಡುಗಿಯೊಬ್ಬಳು ಇದ್ದಳು. ಅವಳದು ಘಟ್ಟದ ಮೇಲಿನ ಕನ್ನಡ, ಬಹಳ ವೇಗ. ನಾನು ಓದಿದ್ದು ಊರಿನ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ. ಮನೆಯಲ್ಲಿ ತುಳು ಆಡುವ ನನಗೆ ಹೊಸಬರ ಎದುರು ಕನ್ನಡ ಬಾಯಿಗೆ ಬರುವುದೇ ಇಲ್ಲ. ಮೊಮ್ಮಗಳ ಹಿಂದೆ ಹಿಂದೆ ನಡೆದೆ.

ಒಳಕೋಣೆಯಲ್ಲಿ ಒಂದು ಮೇಜು. ಅದರ ಮೇಲೆ ಟಿವಿಯ ಹಾಗೆ ಹೊಟ್ಟೆ ಇರುವ ಪರದೆ, ಪಕ್ಕದಲ್ಲಿ ಕಬ್ಬಿಣದ ಪೆಟ್ಟಿಗೆ, ಒಂದು ಬಟ್ಟೆ, ಕೊಳೆ ತೆಗೆಯುವ ಔಷಧದ ಒಂದು ಬಾಟಲಿ.

"ಇದು ಇನ್ನೂ ರೆಡಿಯಾಗಿಲ್ಲ, ಕ್ಲೀನ್ ಮಾಡ್ತಾ ಇದೀನಿ" ಎಂದಳು ಆ ಹುಡುಗಿ. "ಮಾನಿಟರ್ ಮೇಲೆ ಏನೋ ಕೊಳೆ ಇತ್ತು, ನಿನ್ನೆ ತೆಗೆದೆ. ಈ ಡಬ್ಬದ ಪಕ್ಕದಲ್ಲಿ ನೋಡಿ, ಮೂರು ಕಡೆ ತುಕ್ಕು. ಇವತ್ತು ಇದನ್ನೂ ಒರೆಸಿಬಿಟ್ರೆ ಹೊಸದರ ಥರ ಆಗತ್ತೆ."

ನಾನು ಬಗ್ಗಿ ನೋಡಿದೆ. ಒತ್ತೊತ್ತಾಗಿ ಮೂರು ಕೆಂಪು ಗುರುತು, ಕಪ್ಪಿಗೆ ತಿರುಗಿದ್ದವು. ಎರಡು ಉದ್ದಕ್ಕೆ ಇದ್ದವು. ಮೂರನೆಯದು ಕೆಳಗೆ, ಗುಂಡಗೆ, ಮೊಂಡು.

ಆ ಮೊಂಡು ಗುರುತನ್ನು ನಾನು ಬಲ್ಲೆ.

ನಿಮ್ಮಜ್ಜನನ್ನು ನಿಮ್ಮಲ್ಲಿ ಯಾರೂ ನೋಡಿಲ್ಲ. ಕಾಪುವಿನಲ್ಲಿ ಅವರದೊಂದು ಪ್ರೆಸ್ಸು ಇತ್ತು. ಮದುವೆ ಕಾಗದ, ಭಜನಾ ಮಂಗಳೋತ್ಸವದ ನೋಟೀಸು ಎಲ್ಲ ಅಲ್ಲೇ ಅಚ್ಚಾಗುತ್ತಿದ್ದವು. ಕಾಗದ ಕತ್ತರಿಸುವ ಮೆಷಿನ್ನಿಗೆ ಅವರ ಬಲಗೈ ಉಂಗುರ ಬೆರಳಿನ ತುದಿ ಹೋಗಿತ್ತು. ನಾಚಿಕೆಯಿಂದ ಫೋಟೋ ತೆಗೆಯುವಾಗಲೆಲ್ಲ ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದರು. ಹಾಗಾಗಿ ನಮ್ಮ ಮನೆಯ ಒಂದು ಫೋಟೋದಲ್ಲಿಯೂ ಆ ಕೈ ಇಲ್ಲ. ಆಯುಧ ಪೂಜೆಯ ದಿನ ಮಾತ್ರ ಅದೇ ಕೈಯ ಮೂರು ಬೆರಳನ್ನು ಕುಂಕುಮದಲ್ಲಿ ಅದ್ದಿ ಪ್ರತಿಯೊಂದು ಮೆಷಿನ್ನಿಗೂ ಒತ್ತುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಅದಕ್ಕೂ ಒತ್ತಿದರು. ಎಲ್ಲರೂ ನೀರಿನಲ್ಲಿ ಕಲಸಿದರೆ ಇವರು ತೆಂಗಿನೆಣ್ಣೆಯಲ್ಲಿ ಕಲಸುವುದು. "ಮುಂದಿನ ವರ್ಷದವರೆಗೆ ನಿಲ್ಲಬೇಕಲ್ಲ ಮಾರಾಯ್ತಿ" ಎನ್ನುತ್ತಿದ್ದರು. ಆಮೇಲೆ ಹೊಸ ಕಂಪ್ಯೂಟರ್ ಕೊಳ್ಳುವಾಗ ಇದನ್ನು ಅಂಗಡಿಯವರಿಗೆ ಕೊಟ್ಟು ಬಂದರು. ಹೊಸತಕ್ಕೆ ಒಂದೇ ಒಂದು ಪೂಜೆ ಮಾಡಿದರು. ಮರುವರ್ಷ ಅವರೇ ಇರಲಿಲ್ಲ.

ಹುಡುಗಿ ಬಾಟಲಿಯ ಮುಚ್ಚಳ ತೆಗೆದು ಬಟ್ಟೆಗೆ ಔಷಧ ಸುರಿದಳು. ಬಟ್ಟೆ ಪೆಟ್ಟಿಗೆಯ ಹತ್ತಿರ ಬಂತು. ನಾನು ಹೋಗಿ ಅವಳ ಕೈಯನ್ನೇ ಹಿಡಿದುಕೊಂಡೆ. ಗುರುತಿಲ್ಲದವರ ಕೈಯನ್ನು ಹಾಗೆ ನಾನು ಹುಟ್ಟಿದ ಮೇಲೆ ಹಿಡಿದವಳಲ್ಲ.

"ಅಜ್ಜಿ! ಎಂತಾಯ್ತು?" ಮೊಮ್ಮಗಳು ಹೆದರಿದಳು.

"ಅದು ತುಕ್ಕಲ್ಲ" ಎಂದೆ. "ಅದು ನನ್ನ ಗಂಡನ ಕೈ."

ಈಗ ನಿಮಗೆ ಹೇಳಿದ್ದನ್ನೆಲ್ಲ ಅರ್ಧ ತುಳುವಿನಲ್ಲಿ, ಅರ್ಧ ಕನ್ನಡದಲ್ಲಿ ಹೇಳಿದೆ. ಮೊಮ್ಮಗಳು ಕನ್ನಡ ಮಾಡಿ ಹೇಳುತ್ತಾ ಹೇಳುತ್ತಾ ತಾನೇ ಅಳಲು ಶುರು ಮಾಡಿದಳು. ಹುಡುಗಿ ಬಟ್ಟೆಯನ್ನು ಕೆಳಗೆ ಹಾಕಿ ಮಾನಿಟರಿನ ಕಡೆ ತಿರುಗಿದಳು. ಅದು ಬೆಳ್ಳಗೆ ಹೊಳೆಯುತ್ತಿತ್ತು.

"ಅಲ್ಲೂ ಮೂರಿತ್ತು" ಎಂದು ಮೆಲ್ಲಗೆ ಹೇಳಿದಳು. "ಅಯ್ಯೋ ದೇವರೇ. ನಾನೇ ಉಜ್ಜಿ ಉಜ್ಜಿ ತೆಗೆದೆ ಅಜ್ಜಿ."

ಆಮೇಲೆ ಅವಳು ತನ್ನ ಚೀಲದಿಂದ ದೇವಸ್ಥಾನದ ಕುಂಕುಮದ ಪೊಟ್ಟಣ ತೆಗೆದು, ಬಿಚ್ಚಿ, ನನ್ನ ಮುಂದೆ ಹಿಡಿದಳು. "ಮಾನಿಟರ್‌ಗೆ ನೀವೇ ಇನ್ನೊಂದ್ಸಲ ಇಟ್ಟುಬಿಡಿ."

"ಅಕ್ಕ, ಬೇಡ" ಎಂದು ಮೊಮ್ಮಗಳು ನಡುವೆ ಬಂದಳು. "ಅಜ್ಜ ಹೋದ ಮೇಲೆ ಅಜ್ಜಿ ಕುಂಕುಮ ಮುಟ್ಟುವುದಿಲ್ಲ."

"ಸಾರಿ, ನಂಗೆ ಹೊಳೀಲೇ ಇಲ್ಲ." ಹುಡುಗಿಯ ಮುಖ ಸಣ್ಣದಾಯಿತು. ಪೊಟ್ಟಣ ಮಡಚತೊಡಗಿದಳು.

ನಿಜ. ನೀವು ಹುಟ್ಟಿದ ದಿನಗಳಲ್ಲಿಯೂ ಮುಟ್ಟಿರಲಿಲ್ಲ. ನಿಮ್ಮ ಅಮ್ಮಂದಿರ ಮದುವೆಯಲ್ಲಿ ಅರಸಿನ ಕುಂಕುಮದ ಹರಿವಾಣ ಬಂದಾಗ ಬಾವಿಕಟ್ಟೆಯ ಕಡೆಗೆ ಎದ್ದುಹೋಗಿ ನಿಂತಿದ್ದೆ. ಯಾರೂ ಹೋಗು ಎಂದು ಹೇಳಲಿಲ್ಲ, ಬಾ ಎಂದೂ ಕರೆಯಲಿಲ್ಲ.

"ಕೊಡು ಇಲ್ಲಿ" ಎಂದೆ.

ಎಣ್ಣೆ ಎಲ್ಲಿ ಹುಡುಕುವುದು? ಬೆಳಿಗ್ಗೆ ತಲೆಗೆ ಹಾಕಿದ ಎಣ್ಣೆ ಇತ್ತು. ಮೂರು ಬೆರಳನ್ನು ಕೂದಲಿಗೆ ಚೆನ್ನಾಗಿ ಉಜ್ಜಿ ಕುಂಕುಮದಲ್ಲಿ ಅದ್ದಿದೆ. ಪೆಟ್ಟಿಗೆಯ ಮೇಲಿನ ಗುರುತನ್ನು ಇನ್ನೊಮ್ಮೆ ನೋಡಿ, ಉಂಗುರ ಬೆರಳನ್ನು ಗಿಡ್ಡ ಮಾಡಿ ಮಡಚಿ, ಮಾನಿಟರಿನ ಪಕ್ಕಕ್ಕೆ ಒತ್ತಿದೆ. ಮೂರನೆಯದು ಕೆಳಗೆ, ಮೊಂಡಾಗಿಯೇ ಬಂತು.

"ಒರೆಸುವುದಿಲ್ಲವಲ್ಲ?" ಎಂದು ಕೇಳಿದೆ.

"ಮುಟ್ಟೋದೂ ಇಲ್ಲ" ಎಂದು ಹುಡುಗಿ ಬಾಟಲಿಯನ್ನು ಕಪಾಟಿನ ಒಳಗೆ ಇಟ್ಟಳು.

ವಾಪಸು ಬಸ್ಸಿನಲ್ಲಿ ಕೈಯನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಕೂತಿದ್ದೆ. ಊರಿನವಳೊಬ್ಬಳು ಪಕ್ಕಕ್ಕೆ ಬಂದು ನನ್ನ ಬೆರಳು ನೋಡಿದಳು, ಮುಖ ನೋಡಿದಳು, ಮತ್ತೆ ಬೆರಳು ನೋಡಿದಳು. ಬೇರೆ ದಿನವಾದರೆ ಸೆರಗಿನಲ್ಲಿ ಮುಚ್ಚುತ್ತಿದ್ದೆ.

"ಎಂತ ಅಕ್ಕ, ಇವತ್ತು ಪೂಜೆಯಾ?" ಎಂದಳು.

"ಹೌದು" ಎಂದೆ. "ಪ್ರೆಸ್ಸಿನದ್ದು."